ಈರಪ್ಪಜ್ಜನ ಟಪಾಲು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ನಮ್ಮ ಓಣಿಯಲ್ಲಿ ಯಾರದೋ ಮೈಮೇಲೆ ದೇವರು ಬಂತೆಂದು ಜನ ಕಾಯಿ ಹಿಡಿದುಕೊಂಡು ಓಡುವಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿರುತ್ತಿದ್ದೆ. ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎನ್ನುವವರನ್ನು "ರಾತ್ರಿ ಏನು ಉಂಡಿದ್ರಿ?" ಎಂದು ಕೇಳಿ ಬೈಸಿಕೊಂಡಿದ್ದೇನೆ. ಇನ್ನು ನನ್ನ ಕೆಲಸವೋ ಕಂಪ್ಯೂಟರಿನದು. ಅದಕ್ಕೆ ಏನು ಹೇಳಿದೆವೋ ಅಷ್ಟನ್ನೇ ಮಾಡುವ ಗುಣ. ಹಾಗಿದ್ದೂ ಎರಡು ವರ್ಷದ ಹಿಂದೆ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಬಿದ್ದ ಕೋಣೆಯಲ್ಲಿ, ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡಿದ್ದಾಗ ನನಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಗಿರಿ. ನಾನೂ ಅರ್ಧ ನಗುತ್ತಲೇ ಬರೆಯುತ್ತಿದ್ದೇನೆ.

ರಾಮದುರ್ಗದಲ್ಲಿ ನಮ್ಮದು ನೇಕಾರರ ಒಂದು ಸಣ್ಣ ಸಂಘ. ಸೀರೆಯ ದಡಿ ಅಂದರೆ ಅಂಚು, ಸೆರಗು, ಇವುಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗಕ್ಕೆ ಒಪ್ಪಿಸುವುದು ನನ್ನ ಕೆಲಸ. ಮೊದಲು ಈ ಚಿತ್ರಗಳನ್ನೆಲ್ಲ ಚೌಕಳಿ ಕಾಗದದ ಮೇಲೆ ಕೈಯಿಂದ ಬಿಡಿಸುತ್ತಿದ್ದವರು ಈರಪ್ಪಜ್ಜ. ಐವತ್ತು ವರ್ಷ ಒಬ್ಬರೇ ಬಿಡಿಸಿದರು. ರಾಮದುರ್ಗದ ಸುತ್ತಮುತ್ತ ಹಳೆಯ ಪೆಟ್ಟಿಗೆ ತೆಗೆದರೆ ಅವರ ದಡಿಯ ಸೀರೆ ಒಂದಾದರೂ ಸಿಕ್ಕೀತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಮಗ್ಗ ಕೂಡಿಸಿದರೆ ಅದರ ಮೊದಲ ಎಳೆಯನ್ನು ಹಿರಿಯರ ಕೈಯಿಂದ ಕಟ್ಟಿಸಬೇಕು, ಮಗ್ಗಕ್ಕೆ ಅವರ ಹೆಸರನ್ನೇ ಇಡಬೇಕು. ಸಂಘಕ್ಕೆ ಕಂಪ್ಯೂಟರ್ ಬಂದ ದಿನವೂ ಹಾಗೇ ಆಯಿತು. ಬೈಲಹೊಂಗಲದಿಂದ ಬಂದ ಕಂಪ್ಯೂಟರ್ ಮಾಸ್ತರರು ಅದರಲ್ಲಿ ಲಿನಕ್ಸ್ ಹಾಕಿ, "ಮೊದಲ ಖಾತೆ ಯಾರ ಹೆಸರಿಲೆ ಮಾಡೂಣ್ರಿ?" ಎಂದು ಕೇಳಿದರು. ಇದ್ದವರೆಲ್ಲ ಒಂದೇ ದನಿಯಲ್ಲಿ "ಈರಪ್ಪಜ್ಜ" ಎಂದರು. ಕೀಲಿಮಣೆಯನ್ನು ಕಣ್ಣಿಂದಲೂ ಕಾಣದ ಅಜ್ಜ ಆ ಯಂತ್ರದ ಮೊದಲ ಪ್ರಜೆಯಾದರು. ನನ್ನ ಖಾತೆ ಆಮೇಲೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಲಿನಕ್ಸ್ ಯಂತ್ರದ ಹೊಟ್ಟೆಯೊಳಗೆ ಒಂದು ಟಪಾಲು ವ್ಯವಸ್ಥೆ ಇರುತ್ತದೆ. ಇದು ಇಂಟರ್ನೆಟ್ಟಿನ ಮೇಲ್ ಅಲ್ಲ. ಹೊರಗಿನ ತಂತಿ ಏನೂ ಬೇಡ. ಅದೇ ಪೆಟ್ಟಿಗೆಯಲ್ಲಿ ಖಾತೆ ಇರುವವರು ಒಬ್ಬರಿಗೊಬ್ಬರು ಬರೆದುಕೊಳ್ಳಬಹುದು, ಅಷ್ಟೇ. ಯಂತ್ರವೂ ತಾನು ಮಾಡಿದ ಕೆಲಸದ ವರದಿಯನ್ನು, ತನಗೆ ಬಂದ ಜಡ್ಡು ಜಾಪತ್ರೆಯನ್ನು ಪತ್ರ ಬರೆದು ತನ್ನ ಯಜಮಾನನಿಗೆ ಹಾಕುತ್ತದೆ. ಆ ಯಜಮಾನನ ಖಾತೆಯ ಹೆಸರು ರೂಟ್. ರೂಟ್‌ಗೆ ಬಂದ ಪತ್ರಗಳನ್ನು ಮೊದಲ ಖಾತೆಯವರ ಡಬ್ಬಿಗೆ ತಿರುಗಿಸಿ ಇಡುವುದು ವಾಡಿಕೆ. ಮಾಸ್ತರರು ಹಾಗೇ ಮಾಡಿ ಹೋದರು. ಹೀಗೆ ಯಂತ್ರದ ಸುಖದುಃಖವೆಲ್ಲ ದಿನಾ ಈರಪ್ಪಜ್ಜನ ಹೆಸರಿಗೆ ಬರತೊಡಗಿತು.

ಅಜ್ಜ ದಿನಾ ಹತ್ತು ಗಂಟೆಗೆ ಸರಿಯಾಗಿ ಬರುತ್ತಿದ್ದರು. ಬಂದವರೇ ತಮ್ಮ ಗುಟ್ಟಿನ ಪಾಸ್‌ವರ್ಡನ್ನು ಒಂದೇ ಬೆರಳಿನಿಂದ ತಾವೇ ಒತ್ತಬೇಕು. ಮಾಸ್ತರರು ಅದನ್ನು ಯಾರಿಗೂ ತೋರಿಸಬೇಡಿ ಎಂದಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದರು. "ಅತ್ತಾಗ ಮುಖಾ ಮಾಡವಾ" ಎಂದು ನನ್ನನ್ನು ಗೋಡೆಯ ಕಡೆ ತಿರುಗಿಸಿ, ಐದು ನಿಮಿಷ ಟಕ್ಕು ಟಕ್ಕು ಅನ್ನಿಸುತ್ತಿದ್ದರು. ಆಮೇಲೆ ಕಪ್ಪು ಪರದೆಯ ಮೇಲೆ ನಿಮಗೆ ಟಪಾಲು ಇದೆ ಎಂಬ ಸಾಲು ಮೂಡುತ್ತಿತ್ತು.

"ನಿಮಗ ಟಪಾಲು ಬಂದೈತ್ರಿ ಅಜ್ಜಾರ."

"ಓದವಾ, ಕೇಳೂಣು. ಏನಂತಾನ ಆ ರೂಟ?"

"ನಿನ್ನಿ ಎಲ್ಲಾ ದಡಿ ಇನ್ನೊಂದು ಕಡೆ ಸುದ್ದಾ ನಕಲು ಮಾಡಿಟ್ಟೇನಿ ಅಂತಾನ್ರಿ."

"ಶ್ಯಾಣ್ಯಾ ಅದಾನ. ಪತ್ರ ಮುಟ್ಟಿತು ಅಂತ ಬರಿ."

ನಾನು ಬರೆಯುತ್ತಿದ್ದೆ. ಆ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವುದು ನಮ್ಮ ರೂಢಿ. 'ಮುಟ್ಟಿತು', ಒಂದೇ ಶಬ್ದ. ತಮಾಷೆಯೆಂದರೆ ರೂಟ್‌ಗೆ ಕಳಿಸಿದ್ದೆಲ್ಲ ಅಜ್ಜನ ಡಬ್ಬಿಗೇ ತಿರುಗುವುದಲ್ಲವೇ, ಮರುದಿನ ಅವರ ಉತ್ತರ ಅವರಿಗೇ ಬಂದು ಕೂತಿರುತ್ತಿತ್ತು. ಅದಕ್ಕೂ ಮುಟ್ಟಿತು ಎಂದು ಬರೆಸಿದರು. ಅದೂ ಹೊಳ್ಳಿ ಬಂತು. ನಾಲ್ಕನೆಯ ದಿನಕ್ಕೆ ಅಜ್ಜನಿಗೆ ವಿಷಯ ತಿಳಿದು, ಕೆಮ್ಮು ಬರುವತನಕ ನಕ್ಕು, ಒಂದು ಕಾಯ್ದೆ ಮಾಡಿದರು. ಪತ್ರಕ್ಕೆ ಮುಟ್ಟಿತು ಅನ್ನಲೇಬೇಕು, ಮುಟ್ಟಿತು ಅಂದವರಿಗೆ ಹೊಳ್ಳಿ ಬರೆಯಬಾರದು. ಇಲ್ಲದಿದ್ದರೆ ಜನ್ಮವಿಡೀ ಇದೇ ಆಗುತ್ತದೆ ಎಂದರು.

ಅವರು ಪಕ್ಕದಲ್ಲಿ ಕೂತು ಹೇಳಿದಂತೆ ಅವರ ಐನೂರಕ್ಕೂ ಮಿಕ್ಕಿದ ದಡಿಗಳನ್ನು ನಾನು ಯಂತ್ರಕ್ಕೆ ಹಾಕಿದೆ. ಪ್ರತಿಯೊಂದಕ್ಕೂ ಒಂದು ನಂಬರು. ಯಾವ ನಂಬರು ಯಾವ ದಡಿ ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೆವು. ಎಂಬತ್ತಾರನೆಯ ವರ್ಷಕ್ಕೆ ಅಜ್ಜ ಹೋದರು. ಮಧ್ಯಾಹ್ನ ಜೋಳದ ರೊಟ್ಟಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಅಡ್ಡಾದವರು ಏಳಲಿಲ್ಲ. ನನಗೆ ಬಹಳ ಸಂಕಟವಾಯಿತು. ಅವರ ಖಾತೆಯನ್ನು ಅಳಿಸಲು ಕೈ ಬರಲಿಲ್ಲ. ಹೋದವರ ಟಪಾಲು ಒಡೆಯಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದುದೂ ನೆನಪಿತ್ತು. ದೇವರು ದಿಂಡರು ನಂಬದ ನಾನು ಇದೊಂದನ್ನು ಮಾತ್ರ ಯಾಕೆ ಪಾಲಿಸಿದೆನೋ ಗೊತ್ತಿಲ್ಲ. ಯಂತ್ರ ಅಜ್ಜನಿಗೆ ದಿನಾ ಬರೆಯುತ್ತಲೇ ಇತ್ತು, ನಾನು ಅವರ ಡಬ್ಬಿ ತೆರೆಯಲೇ ಇಲ್ಲ. "ಆ ಮೇಲ್ ಮ್ಯಾಲ ಒಂದ ಕಣ್ಣಿಡ್ರಿ ಮೇಡಂ" ಎಂದು ಮಾಸ್ತರರು ಫೋನಿನಲ್ಲಿ ಹೇಳಿದಾಗೆಲ್ಲ ಹೂಂ ಹೂಂ ಎಂದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅಜ್ಜ ಹೋಗಿ ವರ್ಷದ ಮೇಲೆ ಅವರ ಮೊಮ್ಮಗಳು ಶೈಲಾಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮುರಗೋಡದವರು. ಅಜ್ಜನ ಹೆಂಡತಿ ಗಂಗವ್ವ, ನಾವೆಲ್ಲ ಆಯಿ ಎಂದು ಕರೆಯುವವರು, ಒಂದು ಮಧ್ಯಾಹ್ನ ಕೋಲೂರಿಕೊಂಡು ನನ್ನ ಕೋಣೆಗೆ ಬಂದರು.

"ಯವ್ವಾ, ನನ್ನ ದಡಿ ಒಂದು ಐತಿ ನಿನ್ನ ಪೆಟ್ಟಿಗ್ಯಾಗ. ಅದನ್ನ ಹುಡುಗಿ ಸೀರಿಗೆ ಹಾಕಬೇಕು ನೋಡು."

ಕಥೆ ಹೀಗಿತ್ತು. ಮದುವೆಯಾದ ವರ್ಷ ಆಯಿ ಪಂಚಮಿಗೆ ತವರುಮನೆ ಮನೋಳಿಗೆ ಹೊರಟರಂತೆ. ಹೋಗುವಾಗ ಹೊಳ್ಳಿ ಹೊಳ್ಳಿ ನೋಡಿದರಂತೆ. ತಿರುಗಿ ಬರುವಷ್ಟರಲ್ಲಿ ಅಜ್ಜ ಒಂದು ಹೊಸ ದಡಿ ಬಿಡಿಸಿ, ತಾವೇ ಮಗ್ಗಕ್ಕೆ ಕೂತು ಸೀರೆ ನೇಯ್ದು ಇಟ್ಟಿದ್ದರು. ಸಾಲಾಗಿ ಜೋಳದ ತೆನೆ, ಎರಡು ತೆನೆಯ ನಡುವೆ ಒಂದು ಗುಬ್ಬಿ. ಗುಬ್ಬಿ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಹೊಳ್ಳಿ ನೋಡುತ್ತಿತ್ತು. ಆ ಸೀರೆ ಉಟ್ಟು ಉಟ್ಟು ಹರಿದು, ಕೊನೆಗೆ ಹೊದೆಯುವ ಕೌದಿಯೊಳಗೆ ಸೇರಿ, ಆ ಕೌದಿಯೂ ಸವೆದು ಹೋಗಿತ್ತು. ಮತ್ತೆ ಯಾರಿಗೂ ಅಜ್ಜ ಆ ದಡಿ ನೇಯ್ದು ಕೊಟ್ಟಿರಲಿಲ್ಲ. ಮೊಮ್ಮಗಳ ಮೈಮೇಲೆ ಅದನ್ನೊಮ್ಮೆ ನೋಡಬೇಕು, ಅಷ್ಟೇ ಆಯಿಯ ಆಸೆ.

ಅದೇನು ದೊಡ್ಡ ಮಾತು ಎಂದುಕೊಂಡು ವಹಿ ತೆಗೆದೆ. ಗೆದ್ದಲು ಅದನ್ನು ಬೆನ್ನಿನಿಂದ ಹೊಟ್ಟೆಯವರೆಗೆ ತಿಂದುಬಿಟ್ಟಿತ್ತು. ಚೌಕಳಿ ಕಾಗದಗಳೂ ಅದೇ ಕಪಾಟಿನಲ್ಲಿದ್ದವು, ಅವೂ ಮಣ್ಣು. ಯಂತ್ರದಲ್ಲಿದ್ದದ್ದು ಬರೀ ನಂಬರು. ಅಜ್ಜ ಹಾಕಿಸುವಾಗ ಇದು ನನ್ನ ಹೆಂಡತಿಯ ದಡಿ ಎಂದು ಹೇಳಿದ್ದರೆ ನೆನಪಿರುತ್ತಿತ್ತು. ಅವರು ಹೇಳುವವರೇ ಅಲ್ಲ. ಹಳೆಯ ಕಾಲದವರು, ಹೆಂಡತಿಯ ಹೆಸರನ್ನು ನಾಲಿಗೆಯ ಮೇಲೆ ತಂದವರಲ್ಲ. "ಏ ಇಕಿನ" ಎಂದು ಕರೆದರೆ ಆಯಿ ಬರಬೇಕು. ಆಯಿಯೂ ಹಾಗೇ, "ಅವರು" ಎಂದರೆ ಅಜ್ಜ, ಮುಗಿಯಿತು.

ಒಂದೊಂದೇ ತೆರೆದು ನೋಡುವುದು ಬಿಟ್ಟರೆ ದಾರಿ ಇರಲಿಲ್ಲ. ನಮ್ಮ ಮುದಿ ಯಂತ್ರ ಒಂದು ದಡಿ ತೆರೆಯಲು ಹತ್ತು ನಿಮಿಷ ತಿನ್ನುತ್ತಿತ್ತು. ನಡುವೆ ಕರೆಂಟು ಹೋಗುತ್ತಿತ್ತು. ಆಯಿ ದಿನಾ ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತು, ಕನ್ನಡಕ ಒರೆಸಿಕೊಂಡು ನೋಡಿ, "ಇದಲ್ಲವಾ" ಎನ್ನುವರು. ತೆನೆಯ ದಡಿಗಳೇ ಹತ್ತಾರು. ಗುಬ್ಬಿ ಇದ್ದರೆ ತೆನೆ ಇಲ್ಲ, ತೆನೆ ಇದ್ದರೆ ಗಿಳಿ. ಒಂದರಲ್ಲಿ ತೆನೆಯೂ ಇತ್ತು, ಗುಬ್ಬಿಯೂ ಇತ್ತು, ನಾನು ಕುಣಿದಾಡಿದೆ. ಆಯಿ ನೋಡಿ, "ಇದು ನೆಟ್ಟಗ ನೋಡಾಕತ್ತೈತಿ. ನನ್ನದು ಹೊಳ್ಳಿ ನೋಡತೈತಿ" ಎಂದು ತಳ್ಳಿಹಾಕಿದರು. ಎರಡು ವಾರ ಕಳೆದರೂ ನೂರರ ಆಸುಪಾಸು ಇದ್ದೆವು. ಸೀರೆ ನೇಯಬೇಕಾದ ಮಲ್ಲಪ್ಪಣ್ಣ ಬಂದು, "ಶನಿವಾರದೊಳಗ ಕೊಡ್ರಿ. ಇಲ್ಲಂದ್ರ ಮದವಿಗೆ ಮುಟ್ಟೂದಿಲ್ಲ, ಸಾದಾ ದಡಿ ಹಾಕಿಬಿಡತೇನಿ" ಎಂದು ಹೇಳಿಹೋದ.

ಅಂದು ಬುಧವಾರ. ಮಲ್ಲಪ್ಪಣ್ಣ ಹೋದ ಮೇಲೆ ಆಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ, "ಅವರಿಗೆ ಇದರಾಗ ಟಪಾಲು ಬರತಿತ್ತಲ್ಲಾ, ಈಗೂ ಬರತೈತೇನು?" ಎಂದರು.

"ಬರತೈತ್ರಿ ಆಯಿ. ಓದಾವರಿಲ್ಲ, ಅಷ್ಟ."

"ಹಂಗಾದ್ರ ಒಂದು ಪತ್ರ ಬರಿ. ನನ್ನ ದಡಿ ಎಲ್ಲಿಟ್ಟೀರಿ ಅಂತ ಕೇಳು."

ನಾನು ನಕ್ಕೆ. ಆಯಿ ನಗಲಿಲ್ಲ. ವಯಸ್ಸಾದವರ ಮನಸ್ಸು ಯಾಕೆ ನೋಯಿಸಲಿ ಎಂದು ನನ್ನ ಖಾತೆಯಿಂದ ಅಜ್ಜನ ಖಾತೆಗೆ ಬರೆಯಲು ಕೂತೆ. ಏನೆಂದು ಬರೆಯಲಿ ಎಂದರೆ, "ಮೊದಲ ಆರಾಮ ಅದೀರೇನು ಅಂತ ಕೇಳು" ಎಂದರು. ಕೇಳಿದೆ. ಶೈಲಾಳ ಮದುವೆ, ಮುರಗೋಡದ ಗಂಡು, ಗಂಡಿನ ಮೂಗು ಸ್ವಲ್ಪ ಉದ್ದ, ಎಲ್ಲ ಬರೆಸಿ, ಕೊನೆಗೆ ದಡಿಯ ಸುದ್ದಿ ಬರೆಸಿದರು. ಅಂಚೆಯವನಿಗೆ ಕೊಟ್ಟಷ್ಟೇ ಸಮಾಧಾನದಿಂದ ಎದ್ದು ಮನೆಗೆ ಹೋದರು. ಪಾಪ, ಮುದುಕಿಗೆ ಅರಳುಮರಳು ಸುರುವಾಯಿತಲ್ಲ ಎಂದು ನಾನು ಮರುಗಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದು ಯಂತ್ರ ಚಾಲೂ ಮಾಡಿ ನನ್ನ ಖಾತೆಗೆ ಹೋದೆ. ಕಪ್ಪು ಪರದೆಯ ಮೇಲೆ ಏನೂ ಇರಲಿಲ್ಲ. ಇರುವುದಾದರೂ ಹೇಗೆ? ಅಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಒಂದು ಟಪಾಲೂ ಬಂದಿರಲಿಲ್ಲ, ಬರುತ್ತಿದ್ದುದೆಲ್ಲ ಅಜ್ಜನಿಗೆ. ಎದುರಿನ ಅಂಗಡಿಯಿಂದ ಚಹಾ ಬಂತು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅಂಗೈ ಕಾಯಿಸಿಕೊಳ್ಳುತ್ತ ಕುಡಿದೆ. ಕೋಣೆಯಲ್ಲಿ ನಾನೊಬ್ಬಳೇ. ಕಪ್ಪು ಕೆಳಗಿಟ್ಟು, ಕೆಲಸ ಸುರು ಮಾಡೋಣವೆಂದು ಎಂಟರ್ ಒತ್ತಿದೆ. ನಿಮಗೆ ಹೊಸ ಟಪಾಲು ಇದೆ ಎಂಬ ಸಾಲು ಮೂಡಿತು.

ತೆರೆದೆ. ಬರೆದವರ ಜಾಗದಲ್ಲಿ ಈರಪ್ಪ ಎಂದಿತ್ತು. ಸಮಯ ಹತ್ತು ಗಂಟೆ ಹತ್ತು ನಿಮಿಷ, ಅಂದರೆ ನಾನು ಚಹಾ ಕುಡಿಯುತ್ತಿದ್ದ ಹೊತ್ತು. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಮೂರು ತುಣುಕು ಮಾತಿದ್ದವು.

'ಮುಟ್ಟಿತು. ೪೧೨. ಗಂಗಾಗ ತೋರಸು.'

ಹೆದರಿದೆನೇ ಎಂದು ಕೇಳಿದರೆ, ಇಲ್ಲ. ಮೈ ಜುಮ್ಮೆಂದದ್ದು ನಿಜ, ಆದರೆ ಹೆದರಿಕೆಯ ಜುಮ್ಮಲ್ಲ. ಬಹಳ ದಿನದ ಮೇಲೆ ಬಾಗಿಲಲ್ಲಿ ಗುರುತಿನವರ ಕೆಮ್ಮು ಕೇಳಿದರೆ ಆಗುವಂಥದ್ದು. ಆ ನಂಬರನ್ನು ನಾನೇ ತೆರೆದು ನೋಡಬಹುದಿತ್ತು, ಕೈ ಒಪ್ಪಲಿಲ್ಲ. ಆಯಿಗೆ ತೋರಿಸು ಎಂದು ಹೇಳಿದ ಮೇಲೆ ನಾನು ಮೊದಲು ನೋಡುವುದು ಸರಿಯಲ್ಲ ಅನಿಸಿತು. ಪತ್ರವನ್ನು ಕಾಗದದ ಮೇಲೆ ಪ್ರಿಂಟು ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಓಣಿಗೆ ಓಡಿದೆ.

ಆಯಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. "ಆಯಿ, ಉತ್ತರ ಬಂದೈತ್ರಿ" ಎಂದೆ. ಉಸಿರು ಸಿಗುತ್ತಿರಲಿಲ್ಲ.

"ಬರಲಾರದ ಏನು, ಪತ್ರಕ್ಕ ಉತ್ತರ ಕೊಡದ ಬಿಟ್ಟಾವರಲ್ಲ ಅವರು. ಏನಂತ ಬರದಾರ?"

ಓದಿ ಹೇಳಿದೆ. ಮುಟ್ಟಿತು ಎಂದದ್ದಕ್ಕೆ ತಲೆದೂಗಿದರು. ನಂಬರು ಹೇಳಿದ್ದಕ್ಕೂ ತಲೆದೂಗಿದರು. ಮೂರನೆಯ ಮಾತು ಓದಿದ್ದೇ ತಡ, ಕೈಯಲ್ಲಿದ್ದ ಶೇಂಗಾ ಬಿದ್ದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಖ ಕೆಂಪಗಾಯಿತು, ಎಂಬತ್ತು ದಾಟಿದ ಹೆಂಗಸಿನ ಮುಖ!

"ಅಯ್ಯ ಶಿವನ! ಹೆಸರು ತಗೊಂಡಾರಲ್ಲವಾ!"

ಸತ್ತವರು ಪತ್ರ ಬರೆದರು ಎಂಬುದು ಆಯಿಗೆ ವಿಚಿತ್ರವೇ ಅಲ್ಲ. ಗಂಡ ತನ್ನ ಹೆಸರು ಹಿಡಿದು ಬರೆದರು ಎಂಬುದೇ ಅವರಿಗೆ ನಂಬಲಾಗದ ಮಾತು. ದಾರಿಯುದ್ದಕ್ಕೂ ಕೋಲೂರುತ್ತ, "ಗಂಗಾ ಅಂದಾರೇನು ಗಂಗವ್ವ ಅಂದಾರ?" ಎಂದು ನಾಲ್ಕು ಸಲ ಕೇಳಿದರು. ಗಂಗಾ ಎಂದೇ ಇದೆ ಎಂದೆ. ಪ್ರತಿ ಸಲವೂ ನಿಂತು ನಕ್ಕರು.

ನಾನೂರಾ ಹನ್ನೆರಡನ್ನು ತೆರೆದೆ. ಆ ಹತ್ತು ನಿಮಿಷ ಆಯಿ ಸ್ಟೂಲನ್ನು ಪರದೆಯ ಹತ್ತಿರ ಎಳೆದುಕೊಂಡು ಕೂತರು. ಪರದೆಯ ಮೇಲೆ ಮೊದಲು ತೆನೆ ಬಂತು. ಆಮೇಲೆ ಗುಬ್ಬಿಯ ಕಾಲು, ಹೊಟ್ಟೆ. ಕೊನೆಗೆ ಕುತ್ತಿಗೆ ಬಂತು, ಅದು ಹಿಂದಕ್ಕೆ ತಿರುಗಿತ್ತು. ಆಯಿ ಎದ್ದು ನಿಂತು ಗಾಜಿನ ಮೇಲೆ ಕೈಯಾಡಿಸಿ, "ಇದ. ಇದ ನೋಡು ನಾನು" ಎಂದರು. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ಏನಾಯಿತೋ ಎಂದು ಮಗ್ಗ ಬಿಟ್ಟು ಬಂದ ಮಲ್ಲಪ್ಪಣ್ಣ ಬಾಗಿಲಲ್ಲೇ ನಿಂತುಬಿಟ್ಟ. ಅವನ ಕೈಗೆ ಅಲ್ಲೇ ಆ ದಡಿಯನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.

ಅವರೆಲ್ಲ ಹೋದ ಮೇಲೆ ನನ್ನ ಹಳೆಯ ಬುದ್ಧಿ ಎಚ್ಚರವಾಯಿತು. ಯಾರೋ ಆಟ ಆಡಿರಬೇಕು ಎಂದುಕೊಂಡು ರೂಟ್ ಆಗಿ ಒಳಹೊಕ್ಕು, ಅಜ್ಜ ಹೋದ ಮೇಲೆ ಮೊದಲ ಸಲ ಅವರ ಡಬ್ಬಿ ತೆರೆದೆ. ಅವರು ಹೋದಂದಿನಿಂದ ಬಂದ ಪತ್ರಗಳು ಒಂದರ ಕೆಳಗೊಂದು ನಿಂತಿದ್ದವು. ಎಲ್ಲದರ ಮುಂದೆಯೂ ಓದಿಲ್ಲ ಎಂಬ ಗುರುತು. ಕಟ್ಟಕಡೆಗೆ ಆಯಿ ಬರೆಸಿದ ಪತ್ರ. ಅದೊಂದಕ್ಕೆ ಮಾತ್ರ ಓದಿದ ಗುರುತು ಇತ್ತು.

ಅದನ್ನು ನೋಡುತ್ತ ಕೂತಾಗಲೇ ಮೇಲಿನ ಪತ್ರಗಳ ತಲೆಬರಹ ಕಣ್ಣಿಗೆ ಬಿದ್ದದ್ದು. ಡಿಸ್ಕ್ ಕೆಡುತ್ತಿದೆ, ಡಿಸ್ಕ್ ಕೆಡುತ್ತಿದೆ ಎಂದು ಯಂತ್ರ ಮೂರು ತಿಂಗಳಿಂದ ದಿನಾ ಅಜ್ಜನಿಗೆ ಬರೆದು ಗೋಳಾಡಿತ್ತು. ನಕಲು ಇಡುತ್ತಿದ್ದ ಎರಡನೆಯ ಡಿಸ್ಕು ಅದಕ್ಕೂ ಮೊದಲೇ ಸತ್ತು, ನಕಲು ಮಾಡುವ ಕೆಲಸವೂ ಎಂದೋ ನಿಂತುಹೋಗಿತ್ತು. ಕಾಗದ ಗೆದ್ದಲಿಗೆ ಹೋಗಿತ್ತು, ಅಜ್ಜನ ಐವತ್ತು ವರ್ಷ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಊಟ ಬಿಟ್ಟು, ತೆರೆದು ನೋಡದೆ ಒಂದೊಂದೇ ದಡಿಯನ್ನು ಹೊರಗಿನ ಡಿಸ್ಕಿಗೆ ಎಳೆದೆ. ಸಂಜೆ ಐದರ ಹೊತ್ತಿಗೆ ಪೆಟ್ಟಿಗೆ ಟಿಕ್ಕು ಟಿಕ್ಕು ಎಂದು, ಒಮ್ಮೆ ನರಳಿ ನಿಂತಿತು. ಮತ್ತೆ ಏಳಲಿಲ್ಲ. ಕೊನೆಯ ಹನ್ನೆರಡು ದಡಿ ಬಿಟ್ಟು ಉಳಿದದ್ದೆಲ್ಲ ನನ್ನ ಕೈಗೆ ಬಂದಿತ್ತು.

ಬೈಲಹೊಂಗಲದ ಮಾಸ್ತರರು ಬಂದು ನೋಡಿದರು. ಯಂತ್ರಕ್ಕೆ ಹೊರಗಿನ ತಂತಿಯೇ ಇಲ್ಲವೆಂಬುದು ಅವರಿಗೂ ಗೊತ್ತು. ಹಿಂದೆ ಎಂದೋ ಬರೆದ ಪತ್ರ ಸರದಿಯಲ್ಲಿ ಸಿಕ್ಕಿಬಿದ್ದು ಈಗ ಹೊರಬಂದಿರಬಹುದು ಎಂದರು. ಆದರೆ ಅಜ್ಜನ ಪತ್ರಗಳನ್ನೆಲ್ಲ ಬರೆದವಳು ನಾನು, ಇಂಥ ಮಾತು ನಾನು ಬರೆದದ್ದಿಲ್ಲ. ಮೇಲಾಗಿ ಓದಿದ ಗುರುತು? "ರೂಟ್ ಆದವರು ಯಾರ ಹೆಸರಿಲೆ ಬೇಕಾದ್ರೂ ಬರೀಬಹುದ್ರಿ. ನೀವ ಗೊತ್ತಿಲ್ಲದ ಏನರ ಮಾಡೀರೇನೋ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಾನೂ ಅದನ್ನು ಬಹಳ ಯೋಚಿಸಿದ್ದೇನೆ. ಎಂದೋ ಅಜ್ಜನ ಪಕ್ಕ ಕೂತು ಹಾಕಿದ ನಂಬರು ನನ್ನ ತಲೆಯ ಮೂಲೆಯಲ್ಲಿ ಉಳಿದಿತ್ತೇ? ನನ್ನ ಬೆರಳೇ ನನಗೆ ತಿಳಿಯದಂತೆ ಬರೆಯಿತೇ? ಬರೆದಿದ್ದರೂ, ಆಯಿಯನ್ನು ಗಂಗಾ ಎಂದು ನಾನು ಬರೆಯುವವಳಲ್ಲ. ಸಾಕ್ಷಿ ಹುಡುಕೋಣವೆಂದರೆ ಡಿಸ್ಕು ಸತ್ತು ಕೂತಿದೆ. ಉಳಿದದ್ದು ಆ ಒಂದು ಕಾಗದ.

ಶೈಲಾ ತೆನೆ ಗುಬ್ಬಿಯ ಸೀರೆ ಉಟ್ಟು ಹಸೆಮಣೆಯ ಮೇಲೆ ಕೂತಳು. ಆಯಿ ಮಂತ್ರ ಕೇಳಲಿಲ್ಲ, ಗಂಡಿನ ಉದ್ದ ಮೂಗನ್ನೂ ನೋಡಲಿಲ್ಲ. ಇಡೀ ಹೊತ್ತು ಮೊಮ್ಮಗಳ ದಡಿಯನ್ನು ಬೆರಳಲ್ಲಿ ಹಿಡಿದು ಕೂತಿದ್ದರು.

ಸಂಘಕ್ಕೆ ಹೊಸ ಯಂತ್ರ ಬಂದಾಗ ಮೊದಲ ಖಾತೆ ಯಾರ ಹೆಸರಿಗೆ ಎಂದು ಮಾಸ್ತರರು ಕೇಳಲೇ ಇಲ್ಲ, ತಾವೇ ಈರಪ್ಪ ಎಂದು ಹಾಕಿದರು. ಈಗ ಆ ಡಬ್ಬಿಯನ್ನು ದಿನಾ ತೆರೆದು ಓದುತ್ತೇನೆ. ಆಯಿಯ ಅಪ್ಪಣೆಯಂತೆ ಮೊದಲ ದಿನವೇ ಅಜ್ಜನಿಗೆ 'ಮುಟ್ಟಿತು' ಎಂದು ಬರೆದು ಹಾಕಿದೆ. ಅಜ್ಜನ ಕಾಯ್ದೆಯ ಪ್ರಕಾರ ಅದಕ್ಕೆ ಉತ್ತರ ಬರಬಾರದು, ಬಂದೂ ಇಲ್ಲ. ಆದರೂ ಹತ್ತು ಗಂಟೆಗೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಒಮ್ಮೆ ಎಂಟರ್ ಒತ್ತುವುದು ನನಗೆ ಚಟವಾಗಿಬಿಟ್ಟಿದೆ. ಏನೂ ನಂಬದವಳು ಯಾಕೆ ಒತ್ತುತ್ತೀ ಎಂದರೆ ನಕ್ಕು ಇನ್ನೊಮ್ಮೆ ಒತ್ತುತ್ತೇನೆ.

ಕಾಗದ ಆಯಿಯ ಸೆರಗಿನ ಗಂಟಿನಲ್ಲಿದೆ. ಮಡಿಕೆ ಮಡಿಕೆಯಲ್ಲೂ ಸವೆದಿದೆ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು, ಬಂದಾಗೊಮ್ಮೆ ಬಿಚ್ಚಿ, "ಗಂಗಾ ಅನ್ನೂದು ಯಾವುದವಾ?" ಎಂದು ಕೇಳುತ್ತಾರೆ. ಅವರ ಬೆರಳು ಹಿಡಿದು ಅದರ ಮೇಲೆ ಇಡುತ್ತೇನೆ. ಮೊನ್ನೆ ಹಾಗೆ ಬೆರಳಿಟ್ಟುಕೊಂಡೇ, "ಅವರಿಗೆ ಇನ್ನೊಂದು ಕೇಳೂದೈತಿ" ಎಂದರು. ನಾನು ಕೀಲಿಮಣೆ ಹತ್ತಿರ ಎಳೆದುಕೊಂಡೆ.

"ಹೇಳ್ರಿ ಆಯಿ, ಬರೀತೇನಿ."

"ಹೆಸರು ಕರ್ಯಾಕ ಬರತಿತ್ತಲ್ಲಾ, ಮತ್ತ ಅರವತ್ತು ವರ್ಷ 'ಏ ಇಕಿನ' ಅಂತ ಯಾಕ ಕರದ್ರಿ ಅಂತ ಕೇಳಬೇಕು." ಎಂದವರು ಕಾಗದ ಮಡಿಚಿ ಗಂಟು ಹಾಕಿಕೊಂಡರು. "ಬ್ಯಾಡ ಬಿಡವಾ, ಇದನ್ನ ಬರೀಬ್ಯಾಡ. ನಾನ ಹೋಗಿ ಕೇಳತೇನಿ. ಕೇಳಿದಾಗ ಅವರ ಮುಖಾ ನೋಡಬೇಕು ನಾ."